ಕಣ್ಣಿಗೆ ಪಟ, ತಲೆನೋವಿಗೆ ಪಂಚಾಂಗ

ನಂಜನಗೂಡಿನ ನಂಜುಂಡೇಶ್ವರನಿಗೆ ‘ಹಕೀಂ ನಂಜುಂಡ’ ಎಂಬ ಹೆಸರೂ ಉಂಟೆಂಬುದು ನಮ್ಮ ಸೀಮೆಯವರಿಗೆಲ್ಲ ತಿಳಿದ ಸಂಗತಿ. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣುಬೇನೆ ಬಂದು ದೃಷ್ಟಿಯೇ ಹೋಯಿತಂತೆ. ಮದ್ದುಗಳು ಫಲಿಸದಿರಲು ಸುಲ್ತಾನನು ನಂಜುಂಡೇಶ್ವರನಿಗೆ ಹರಕೆ ಹೊತ್ತನಂತೆ. ಆನೆಗೆ ಕಣ್ಣು ಬಂದಿತಂತೆ. ಸಂತೋಷಗೊಂಡ ಸುಲ್ತಾನನು ಪಚ್ಚೆಯ ಲಿಂಗವನ್ನು ಅರ್ಪಿಸಿ, ದೇವರನ್ನು ‘ಹಕೀಂ’ ಎಂದರೆ ವೈದ್ಯ ಎಂದು ಕರೆದನೆಂದು ಐತಿಹ್ಯ. ವಿಷವನ್ನು ಅರಗಿಸಿಕೊಂಡ ದೇವರು ರೋಗವನ್ನೂ ಅರಗಿಸಿಕೊಳ್ಳುವನೆಂಬುದು ಜನರ ನಂಬಿಕೆ.

ಈ ಕಥೆಯನ್ನು ನಾನು ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಗಳಲ್ಲಿ ಹೇಳಿದ್ದೇನೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ಕೇಳಿಯೂ ಇದ್ದೀರಿ. ಆದರೆ ಆನೆಯ ಕಣ್ಣಿನ ಕಥೆಯನ್ನು ಅಷ್ಟು ಸೊಗಸಾಗಿ ಹೇಳುತ್ತಿದ್ದ ನನ್ನೆದುರಿಗೇ ಕಪ್ಪುಹಲಗೆ ಕಾಣದ ಒಬ್ಬ ಹುಡುಗನೂ, ತಿಂಗಳು ತಿಂಗಳೂ ತಲೆನೋವಿನಿಂದ ನರಳುತ್ತಿದ್ದ ಒಬ್ಬ ಹುಡುಗಿಯೂ ಕುಳಿತಿದ್ದರು. ಒಬ್ಬನಿಗೆ ಕನ್ನಡಕ ಬೇಕಾಗಿತ್ತು; ನಾನು ಬೆತ್ತ ಕೊಟ್ಟೆ. ಇನ್ನೊಬ್ಬಳಿಗೆ ಬೇರೆಯ ಚಿಕಿತ್ಸೆ ಬೇಕಾಗಿತ್ತು. ನಾನು ಕನ್ನಡಕ ಹಾಕಿಸಿಕೊಳ್ಳಲು ಹೇಳಿದೆ. ಈ ಎರಡು ತಪ್ಪುಗಳ ಸುತ್ತ ಕಣ್ಣಿನ ಪರೀಕ್ಷೆಯ ಮತ್ತು ತಲೆನೋವಿನ ಚಿಕಿತ್ಸೆಯ ಚರಿತ್ರೆಯನ್ನು ನಾನು ತಿಳಿದುಕೊಂಡಷ್ಟು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಸಮಾಜಶಾಸ್ತ್ರ ಬೋಧಿಸಿದ ಮೇಷ್ಟರು. ಓದುವಾಗ ಅದು ನೆನಪಿರಲಿ.

ನಮ್ಮ ಪ್ರಾಚೀನರು ಕಣ್ಣನ್ನೂ ತಲೆಯನ್ನೂ ಒಬ್ಬನೇ ವೈದ್ಯನಿಗೆ ಒಪ್ಪಿಸಿದ್ದರು. ಆಯುರ್ವೇದದ ಎಂಟು ಅಂಗಗಳಲ್ಲಿ ಶಾಲಾಕ್ಯವೆಂಬುದು ಕುತ್ತಿಗೆಯಿಂದ ಮೇಲಿನ ರೋಗಗಳ ಶಾಸ್ತ್ರ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ 76 ಕಣ್ಣಿನ ರೋಗಗಳನ್ನೂ 11 ಶಿರೋರೋಗಗಳನ್ನೂ ಎಣಿಸಲಾಗಿದೆ. ನಮ್ಮ ಅಜ್ಜಿಯರು ಅರೆತಲೆನೋವು ಎನ್ನುತ್ತಿದ್ದುದನ್ನು ಬಹುಮಟ್ಟಿಗೆ ಹೋಲುವ ಅರ್ಧಾವಭೇದಕವೂ, ಸೂರ್ಯನು ಏರಿದಂತೆ ಏರುವ ಸೂರ್ಯಾವರ್ತವೂ ಆ ಹನ್ನೊಂದರಲ್ಲಿ ಸೇರಿವೆ. ಕಣ್ಣಿಗೂ ತಲೆನೋವಿಗೂ ಗಂಟುಹಾಕುವ ನಮ್ಮ ಅಭ್ಯಾಸದ ಬೇರು ಹಳೆಯದೇ.

ಕಣ್ಣಿನ ಪೊರೆಗೆ ಸುಶ್ರುತನು ಹೇಳಿದ ಕ್ರಮ ಶಲಾಕೆಯಿಂದ ಅದನ್ನು ದೃಷ್ಟಿಯ ದಾರಿಯಿಂದ ಬದಿಗೆ ಸರಿಸುವುದು. ಸರಿಸಿದೊಡನೆ ರೋಗಿಗೆ ಬೆಳಕು, ಆಕಾರ ಕಾಣತೊಡಗುತ್ತದೆ. ಆದರೆ ಪೊರೆಗಟ್ಟಿದ ಮಸೂರವು ಕಣ್ಣಿನೊಳಗೇ ಉಳಿಯುವುದರಿಂದ ಮುಂದೆ ಉರಿಯೂತ, ಒತ್ತಡ ಹೆಚ್ಚಿ ಎಷ್ಟೋ ಕಣ್ಣುಗಳು ಪೂರ್ಣವಾಗಿ ಹೋಗುತ್ತಿದ್ದವು. ಇಪ್ಪತ್ತನೆಯ ಶತಮಾನದ ಆದಿಯಲ್ಲೂ ಊರೂರು ತಿರುಗಿ ಹೀಗೆ ಪೊರೆ ಸರಿಸುವವರು ದಕ್ಷಿಣ ಭಾರತದಲ್ಲಿದ್ದರು. ಮದರಾಸಿನ ಕಣ್ಣಾಸ್ಪತ್ರೆಯಲ್ಲಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಎಂಬ ವೈದ್ಯನು ಇಂಥ ಚಿಕಿತ್ಸೆ ಪಡೆದ ನೂರಾರು ಕಣ್ಣುಗಳನ್ನು ಪರಿಶೀಲಿಸಿ, 1917ರಲ್ಲಿ ಲಂಡನ್ನಿನಲ್ಲಿ ಆ ಕುರಿತು ಉಪನ್ಯಾಸ ಮಾಡಿದನು. ವಾಸಿಯಾದವರು ಊರಿನಲ್ಲಿ ಹೊಗಳುತ್ತಿದ್ದರು; ಕಣ್ಣು ಕಳೆದುಕೊಂಡವರ ಹೊತ್ತಿಗೆ ಚಿಕಿತ್ಸಕನು ಮುಂದಿನ ಊರು ಸೇರಿರುತ್ತಿದ್ದನು. ಎಲ್ಲರನ್ನೂ ಎಣಿಸಿದಾಗಲೇ ಸತ್ಯ ತಿಳಿಯುವುದು. ಸಂಶೋಧನೆಯೆಂದರೆ ಈ ಎಣಿಕೆಯೇ.

ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯ ಮೂಲ 1896ರದು. ಈಗಿನ ಭವ್ಯ ಕಟ್ಟಡಕ್ಕೆ ಬಂದದ್ದು 1913ರಲ್ಲಿ. ನಮ್ಮ ಕಡೆಯವರಿಗೆ ಹತ್ತಿರವಾಗಿದ್ದುದು ಮೈಸೂರಿನ ದೊಡ್ಡಾಸ್ಪತ್ರೆ. ಹತ್ತಿರವೆಂದರೂ ಕಣ್ಣು ಕಾಣದ ಮುದುಕರನ್ನು ರೈಲಿಗೆ ಹತ್ತಿಸಿ, ಜೊತೆಗೊಬ್ಬರು ಕೂಲಿ ಬಿಟ್ಟು, ದಿನಗಟ್ಟಲೆ ಅಲ್ಲಿ ಉಳಿಯುವುದು ಬಡವರಿಗೆ ಆಗದ ಮಾತು. ‘ವಯಸ್ಸಾಯ್ತು, ಕಣ್ಣು ಹೋಯ್ತು’ ಎಂದು ಮೂಲೆ ಹಿಡಿಯುವವರೇ ಹೆಚ್ಚು.

ಆ ಮೂಲೆಯಿಂದ ಜನರನ್ನು ಎಬ್ಬಿಸಿದ್ದು ನೇತ್ರಶಿಬಿರಗಳು. ಕರ್ನಾಟಕದಲ್ಲಿ ಈ ಮಾತು ಬಂದಾಗ ಡಾ. ಎಂ. ಸಿ. ಮೋದಿಯವರನ್ನು ನೆನೆಯದಿರುವುದು ಸಾಧ್ಯವಿಲ್ಲ. 1916ರಲ್ಲಿ ಬೀಳಗಿಯಲ್ಲಿ ಜನಿಸಿದ ಅವರು 1940ರ ದಶಕದಿಂದ ದೇಶದ ಹಳ್ಳಿ ಹಳ್ಳಿಗೂ ಶಸ್ತ್ರಚಿಕಿತ್ಸೆಯನ್ನು ಒಯ್ದರು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ಮಾಡಿದ ಅವರ ಹೆಸರು ಗಿನ್ನೆಸ್ ದಾಖಲೆಗೆ ಸೇರಿತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಗೌರವಗಳು ಬಂದವು. 2005ರಲ್ಲಿ ಅವರು ತೀರಿಕೊಂಡರು.

ನನ್ನ ಅಜ್ಜಿಗೆ ಶಸ್ತ್ರಚಿಕಿತ್ಸೆಯಾದದ್ದು ಇಂಥದೇ ಒಂದು ಶಿಬಿರದಲ್ಲಿ. ನಾನಾಗ ಮಾಧ್ಯಮಿಕ ಶಾಲೆಯ ಹುಡುಗ. ಶಾಲೆಯ ಬೆಂಚುಗಳನ್ನು ಹೊರಗೆ ಹಾಕಿ, ನೆಲ ತೊಳೆದು, ಕೊಠಡಿಗಳಲ್ಲಿ ಸಾಲಾಗಿ ಚಾಪೆ ಹಾಸಿದ್ದರು. ಎರಡು ಕಣ್ಣಿಗೂ ಪಟ್ಟಿ ಕಟ್ಟಿಸಿಕೊಂಡು ತಲೆ ಅಲುಗಿಸದೆ ಮಲಗಿದ್ದ ಅಜ್ಜಿಗೆ ಗಂಜಿ ಕುಡಿಸುವ ಕೆಲಸ ನನ್ನದು. ಪಟ್ಟಿ ಬಿಚ್ಚಿದ ದಿನ ಆಕೆ ನನ್ನ ಕೆನ್ನೆ ಹಿಡಿದು, “ಏನ್ ಮಗಾ, ಇಷ್ಟು ಕಪ್ಪಗಾಗ್ಬಿಟ್ಟಿದೀಯ!” ಎಂದಳು. ಅಷ್ಟು ವರ್ಷ ಆಕೆಯ ಮನಸ್ಸಿನಲ್ಲಿದ್ದುದು ನನ್ನ ಹಾಲುಗೂಸಿನ ಮುಖ.

ಪೊರೆಯೊಡನೆ ಕಣ್ಣಿನ ಮಸೂರವನ್ನೇ ತೆಗೆದುಬಿಡುತ್ತಿದ್ದುದರಿಂದ ಅದರ ಬದಲಿಗೆ ದಪ್ಪ ಗಾಜಿನ ಸೋಡಾಬುಡ್ಡಿ ಕನ್ನಡಕ ಬೇಕಾಗುತ್ತಿತ್ತು. ಅದರಲ್ಲಿ ವಸ್ತುಗಳು ಕಾಲುಭಾಗಕ್ಕಿಂತಲೂ ಹೆಚ್ಚು ದೊಡ್ಡದಾಗಿ, ಹತ್ತಿರದಲ್ಲಿರುವಂತೆ ತೋರುತ್ತವೆ. ಅಜ್ಜಿ ಕಾಫಿಯನ್ನು ಲೋಟದ ಈಚೆಗೇ ಸುರಿಯುತ್ತಿದ್ದಳು, ನಾವು ನಗುತ್ತಿದ್ದೆವು. ಲಂಡನ್ನಿನ ಹೆರಾಲ್ಡ್ ರಿಡ್ಲೆ 1949ರಲ್ಲೇ ಕಣ್ಣಿನೊಳಗೆ ಕೃತಕ ಮಸೂರ ಇಟ್ಟಿದ್ದನಾದರೂ ಅದು ನಮ್ಮ ಹಳ್ಳಿಗಳಿಗೆ ಬರಲು ನಾಲ್ಕು ದಶಕಗಳೇ ಬೇಕಾದವು. ಮದುರೆಯ ಅರವಿಂದ ಕಣ್ಣಾಸ್ಪತ್ರೆಯ ಬಳಗ 1992ರಲ್ಲಿ ಈ ಮಸೂರಗಳನ್ನು ನಮ್ಮಲ್ಲೇ ತಯಾರಿಸತೊಡಗಿದ ಮೇಲೆ ಬೆಲೆ ಇಳಿಯಿತು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಕ್ರಮೇಣ ದಾರಿ ಬದಲಿಸಿತು. ಶಾಲೆ, ಛತ್ರಗಳಲ್ಲಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಸೋಂಕಿನ ಅಪಾಯವಿದ್ದುದರಿಂದ, ಊರಿನಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಎಂಬ ಕ್ರಮ ಬಂದಿತು.

ಪೊರೆಯು ಮುದುಕರ ಕಷ್ಟ, ಯಾರಿಗೂ ಕಾಣುತ್ತದೆ. ಮಕ್ಕಳ ದೃಷ್ಟಿದೋಷ ಯಾರಿಗೂ ಕಾಣುವುದಿಲ್ಲ, ಮಗುವಿಗೂ ಕೂಡ. ಹುಟ್ಟಿದಂದಿನಿಂದ ಮಸುಕಾಗಿಯೇ ನೋಡಿದವನಿಗೆ ಲೋಕವೇ ಹಾಗಿರುವುದೆಂಬ ಭಾವನೆ. ಅದನ್ನು ಅಳೆಯಲು ಒಂದು ಅಳತೆಗೋಲು ಬೇಕಾಗಿತ್ತು. ಹಾಲೆಂಡಿನ ಯೂಟ್ರೆಕ್ಟ್ ನಗರದ ಹರ್ಮನ್ ಸ್ನೆಲ್ಲೆನ್ 1862ರಲ್ಲಿ ಅದನ್ನು ಕೊಟ್ಟನು. ಕಣ್ಣಿನ ವೈದ್ಯರ ಕೋಣೆಯಲ್ಲಿ ನೀವೆಲ್ಲ ಕಂಡಿರುವ ಅಕ್ಷರಪಟ ಅದೇ. ಆರು ಮೀಟರ್ ದೂರದಿಂದ ಸುಮಾರು 9 ಮಿಲಿಮೀಟರ್ ಎತ್ತರದ ಅಕ್ಷರವನ್ನು ಓದಬಲ್ಲವನ ದೃಷ್ಟಿ 6/6. ಸಾಮಾನ್ಯ ದೃಷ್ಟಿಯವನು 60 ಮೀಟರಿನಿಂದ ಗುರುತಿಸುವ ದೊಡ್ಡ ಅಕ್ಷರವನ್ನು ಆರು ಮೀಟರಿನಲ್ಲಿ ಮಾತ್ರ ಓದಬಲ್ಲವನದು 6/60. ಓದುಬಾರದವರಿಗಾಗಿ ಇಂಗ್ಲಿಷಿನ ‘ಇ’ ಅಕ್ಷರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಬರೆದ ಪಟವೂ ಉಂಟು; ಕಾಲುಗಳು ಯಾವ ಕಡೆಗಿವೆ ಎಂದು ಕೈಯಿಂದ ತೋರಿಸಿದರೆ ಸಾಕು.

ಶಾಲಾ ನೇತ್ರ ತಪಾಸಣೆಯಲ್ಲಿ ಮೊದಲ ಹಂತದ ಪರೀಕ್ಷೆಯನ್ನು ಶಿಕ್ಷಕರೇ ಮಾಡುವ ಪದ್ಧತಿ ಬಂದಾಗ ನನಗೂ ಒಂದು ದಿನದ ತರಬೇತಿಯಾಯಿತು. ಜಗುಲಿಯಲ್ಲಿ ಹಗ್ಗದಿಂದ ಆರು ಮೀಟರ್ ಅಳೆದು ಸುಣ್ಣದ ಗೆರೆ ಹಾಕಿದೆ. ಮೊದಲ ದಿನ ಇಡೀ ಏಳನೆಯ ತರಗತಿಗೆ ಗರುಡದೃಷ್ಟಿಯೆಂದು ತೇರ್ಗಡೆ ಮಾಡಿದೆ. ಸಂಜೆ ಗುಟ್ಟು ತಿಳಿಯಿತು: ಸಾಲಿನಲ್ಲಿ ನಿಂತ ತುಂಟರು ‘ಮೇಲೆ, ಬಲ, ಕೆಳಗೆ, ಎಡ’ ಎಂದು ಮಗ್ಗಿಯಂತೆ ಬಾಯಿಪಾಠ ಮಾಡಿ ಹಿಂದಿನವರಿಗೆ ದಾಟಿಸಿದ್ದರು. ಮರುದಿನ ಪಟವನ್ನು ತಲೆಕೆಳಗು ಮಾಡಿ ನೇತುಹಾಕಿದೆ. ಮೂವರು ಸಿಕ್ಕಿಬಿದ್ದರು. ಮೂವರಿಗೂ ಕನ್ನಡಕ ಬಂದಿತು.

ಆ ಮೂವರ ಸಂತೋಷವನ್ನು ನೋಡುವಾಗ ನನಗೆ ಹಿಂದಿನ ಒಬ್ಬ ಹುಡುಗನ ನೆನಪಾಗಿ ಗಂಟಲು ಕಟ್ಟಿತು. 1974ರ ಮಾತು. ನಾನಾಗ ತಿ. ನರಸೀಪುರ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದೆ. ಆ ಹುಡುಗನ ತಂದೆ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದವರು. ಹುಡುಗ ಎತ್ತರವಾಗಿದ್ದುದರಿಂದ ಕೊನೆಯ ಸಾಲಿನಲ್ಲಿ ಕೂರಿಸಿದ್ದೆ. ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸುವವರಿಲ್ಲ; ಹಲಗೆಯಿಂದ ಬರೆದುಕೊಂಡದ್ದು ಮಾತ್ರ ತಪ್ಪೇ ತಪ್ಪು. 3 ಇದ್ದಲ್ಲಿ 8, 1 ಇದ್ದಲ್ಲಿ 7. ಅಶ್ರದ್ಧೆಯೆಂದು ತೀರ್ಮಾನಿಸಿ ಬೆರಳ ಗೆಣ್ಣಿನ ಮೇಲೆ ಹೊಡೆದೆ, ಒಂದು ಸಲವಲ್ಲ. ಎಂಟನೆಯ ತರಗತಿಗೆ ಅವನು ಬರಲಿಲ್ಲ.

ಹನ್ನೆರಡು ವರ್ಷಗಳ ಅನಂತರ ಸಂಗಮದ ಬಳಿ ಸಿಕ್ಕಿದ. ಲಾರಿಯಲ್ಲಿ ಕ್ಲೀನರಾಗಿದ್ದು, ಡ್ರೈವಿಂಗ್ ಲೈಸೆನ್ಸಿಗೆಂದು ಕಣ್ಣು ಪರೀಕ್ಷೆ ಮಾಡಿಸಿದಾಗ ದೋಷ ಗೊತ್ತಾಗಿತ್ತು. ಮೈನಸ್ ನಾಲ್ಕು. ಅಂದರೆ ಕನ್ನಡಕವಿಲ್ಲದೆ 25 ಸೆಂಟಿಮೀಟರಿನಾಚೆಗೆ ಎಲ್ಲವೂ ಮಸುಕು. ಕಪ್ಪುಹಲಗೆ ಹಾಗಿರಲಿ, ಮುಂದಿನ ಬೆಂಚಿನವನ ಬೆನ್ನೂ ಸ್ಪಷ್ಟವಿಲ್ಲ. ಅವನಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. “ಆಚೆ ದಡದಲ್ಲಿ ಬಟ್ಟೆ ಒಗೆಯೋರ ಮುಖ ಕಾಣ್ಸುತ್ತೆ ಮೇಷ್ಟ್ರೇ. ಇಷ್ಟು ದಿನ ಬರೀ ಸದ್ದು ಕೇಳ್ತಿತ್ತು” ಎಂದ. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಕನ್ನಡಕ ಕೊಟ್ಟರಾಯಿತೇ, ಮಕ್ಕಳು ಹಾಕಿಕೊಳ್ಳಬೇಡವೇ? ಇದನ್ನೂ ಎಣಿಸಿ ನೋಡಿದ್ದಾರೆ, ಅದೂ ನಮ್ಮ ರಾಜ್ಯದಲ್ಲೇ. ಬೆಂಗಳೂರಿನಲ್ಲಿ 2015ರಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಪ್ರಯೋಗದಲ್ಲಿ 11ರಿಂದ 15 ವರ್ಷದ 23,345 ಮಕ್ಕಳ ಕಣ್ಣು ಪರೀಕ್ಷಿಸಿದರು. 694 ಮಕ್ಕಳಿಗೆ ದೃಷ್ಟಿ ಕಡಿಮೆಯಿತ್ತು. ಅವರಲ್ಲಿ ಅರ್ಹರಾದ 460 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅಳತೆ ಕೊಟ್ಟು ಮಾಡಿಸಿದ ಕನ್ನಡಕವನ್ನೂ ಇನ್ನೊಂದಕ್ಕೆ ಅಗ್ಗದ ಸಿದ್ಧ ಕನ್ನಡಕವನ್ನೂ ಕೊಟ್ಟರು. ಮೂರು ನಾಲ್ಕು ತಿಂಗಳ ಬಳಿಕ ಮುನ್ಸೂಚನೆಯಿಲ್ಲದೆ ಹೋಗಿ ನೋಡಿದಾಗ ಸಿಕ್ಕ ಮಕ್ಕಳಲ್ಲಿ, ಸಿದ್ಧ ಕನ್ನಡಕದವರಲ್ಲಿ ಶೇಕಡಾ 75.5, ಮಾಡಿಸಿದ ಕನ್ನಡಕದವರಲ್ಲಿ ಶೇಕಡಾ 73.6 ಮಂದಿ ಅದನ್ನು ಬಳಸುತ್ತಿದ್ದರು. ಎರಡು ಕಣ್ಣಿಗೂ ಹೆಚ್ಚುಕಡಿಮೆ ಒಂದೇ ಪವರು ಇರುವ ಮಕ್ಕಳಿಗೆ ಅಗ್ಗದ ಕನ್ನಡಕವೂ ಸಾಕೆಂದಾಯಿತು. ಅದೇ ಹಣದಲ್ಲಿ ಇನ್ನಷ್ಟು ಮಕ್ಕಳನ್ನು ತಲುಪಬಹುದು. ಕಾಲುಭಾಗದಷ್ಟು ಮಕ್ಕಳು ಹಾಕಿಕೊಳ್ಳದೆ ಬಿಟ್ಟರೆಂಬುದನ್ನೂ ಮರೆಯಬಾರದು. ಗೆಳೆಯರ ಅಪಹಾಸ್ಯ ಇಂಥ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ಕಾರಣ. ‘ನಾಲ್ಕು ಕಣ್ಣಿನವನೇ’ ಎಂಬ ಮಾತನ್ನು ತಡೆಯುವುದು ವೈದ್ಯರ ಕೈಯಲ್ಲಿಲ್ಲ, ಮೇಷ್ಟರ ಕೈಯಲ್ಲಿದೆ.

ಹಿರಿಯರ ‘ಚಾಳೀಸು’ ಎಂಬ ಪದದಲ್ಲೇ ನಲವತ್ತರ ಲೆಕ್ಕವಿದೆ. ತಿ. ನರಸೀಪುರದ ರೇಷ್ಮೆ ಫಿಲೇಚರಿನಲ್ಲಿ ಬಿಸಿನೀರಿನ ಬೋಗುಣಿಯ ಗೂಡಿನಿಂದ ಕೂದಲಿಗಿಂತ ಸಣ್ಣ ಎಳೆ ಹುಡುಕಿ ನೂಲು ಬಿಚ್ಚುತ್ತಿದ್ದ ಹೆಂಗಸರನ್ನು ಬಲ್ಲವರಿಗೆ ಹತ್ತಿರದ ದೃಷ್ಟಿಯ ಬೆಲೆ ಗೊತ್ತು. 2018ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದಕ್ಕೂ ಲೆಕ್ಕ ಕೊಟ್ಟಿತು. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕೆಲಸಗಾರರಲ್ಲಿ ಹತ್ತಿರದ ಕನ್ನಡಕ ಸಿಕ್ಕವರು, ಸಿಗದವರಿಗಿಂತ ಶೇಕಡಾ 21.7ರಷ್ಟು ಹೆಚ್ಚಿನ ಪ್ರಗತಿ ತೋರಿದರು. ದಿನಕ್ಕೆ ಕಿತ್ತ ಎಲೆಯ ತೂಕವೇ ಸಾಕ್ಷಿ.

ಇನ್ನು ಎರಡನೆಯ ತಪ್ಪಿಗೆ ಬರುತ್ತೇನೆ. 1988ರಲ್ಲಿ ನಂಜನಗೂಡಿನ ಒಂದು ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತಿಂಗಳಿಗೆ ಎರಡು ಮೂರು ದಿನ ತಪ್ಪದೆ ರಜೆ ಹಾಕುತ್ತಿದ್ದಳು. ಕಾರಣ ಕೇಳಿದರೆ ತಲೆನೋವು. ಒಂದು ದಿನ ತರಗತಿಯಲ್ಲೇ ಮೇಜಿಗೆ ಹಣೆಯಿಟ್ಟು ಮಲಗಿದಳು; ಬೆಳಕು ಬೇಡ, ಸದ್ದು ಬೇಡ, ಆಮೇಲೆ ವಾಂತಿ. ನಾನು ಆಕೆಯ ತಂದೆಯನ್ನು ಕರೆಸಿ, “ಕಣ್ಣು ತೋರಿಸಿ, ಕನ್ನಡಕ ಹಾಕಿಸಿ” ಎಂದೆ. ಹಾಕಿಸಿದರು. ತಲೆನೋವು ನಿಲ್ಲಲಿಲ್ಲ. ಪವರು ಸರಿಯಿಲ್ಲವೆಂದು ಇನ್ನೊಂದು ಕಡೆ, ಮತ್ತೊಂದು ಕಡೆ ಪರೀಕ್ಷೆಯಾಯಿತು. ಮೂರು ಕನ್ನಡಕಗಳಾದವು. ತಿಂಗಳ ಯಾವ ದಿನಗಳಲ್ಲಿ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಆ ಮಾತನ್ನು ಗಂಡು ಮೇಷ್ಟರು ಕೇಳುವಂತಿರಲಿಲ್ಲ, ಹುಡುಗಿ ಹೇಳುವಂತಿರಲಿಲ್ಲ.

ತಲೆನೋವಿಗೆಲ್ಲ ಕಣ್ಣೇ ಕಾರಣವೆಂಬ ನಂಬಿಕೆ ನಮ್ಮೂರಿನದಷ್ಟೇ ಅಲ್ಲ. ಅಮೆರಿಕದ ವೈರ್ ಮಿಚೆಲ್ ಎಂಬ ಪ್ರಸಿದ್ಧ ನರವೈದ್ಯ 1876ರಲ್ಲಿ ಕಣ್ಣಿನ ಆಯಾಸದಿಂದ ಬರುವ ತಲೆನೋವಿನ ಬಗ್ಗೆ ಬರೆದನು. ಮಾತು ಸುಳ್ಳಲ್ಲ, ಆದರೆ ಬೆಳೆಯಿತು. ಜಾರ್ಜ್ ಗೌಲ್ಡ್ ಎಂಬ ಕಣ್ಣಿನ ವೈದ್ಯನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಸತ್ತುಹೋದ ದೊಡ್ಡ ದೊಡ್ಡ ಲೇಖಕರ ಬೇನೆಗಳಿಗೆಲ್ಲ ಸರಿಯಾದ ಕನ್ನಡಕವಿಲ್ಲದಿದ್ದುದೇ ಕಾರಣವೆಂದು ಸಂಪುಟಗಟ್ಟಲೆ ಬರೆದನು. ಒಂದು ಒಳ್ಳೆಯ ಮದ್ದು ಕೈಗೆ ಸಿಕ್ಕಾಗ ಎಲ್ಲ ರೋಗವೂ ಅದಕ್ಕೇ ಹೊಂದುವಂತೆ ಕಾಣುವುದು ಮನುಷ್ಯ ಸ್ವಭಾವ.

ಇಂದಿನ ವೈದ್ಯರು ಇವನ್ನು ಬೇರ್ಪಡಿಸಿದ್ದಾರೆ. ದೃಷ್ಟಿದೋಷದಿಂದ ಬರುವ ತಲೆನೋವು ಸಾಮಾನ್ಯವಾಗಿ ಸೌಮ್ಯ. ಹಣೆಯಲ್ಲಿ, ಕಣ್ಣಿನ ಸುತ್ತ ಇರುತ್ತದೆ. ಬಹಳ ಹೊತ್ತು ಓದಿದ, ಹೊಲಿದ, ಪರದೆ ನೋಡಿದ ಮೇಲೆ ಬರುತ್ತದೆ. ಬೆಳಗ್ಗೆ ಏಳುವಾಗ ಇರುವುದಿಲ್ಲ. ಮೈಗ್ರೇನ್ ಹಾಗಲ್ಲ. ಹೆಚ್ಚಾಗಿ ಒಂದು ಬದಿಯಲ್ಲಿ ಬಡಿತದಂತೆ ನೋವು, ಓಕರಿಕೆ, ಬೆಳಕು ಸದ್ದುಗಳ ಅಸಹನೆ. ಚಿಕಿತ್ಸೆಯಿಲ್ಲದಿದ್ದರೆ ನಾಲ್ಕು ಗಂಟೆಯಿಂದ ಮೂರು ದಿನದವರೆಗೆ. ಕೆಲವರಿಗೆ ನೋವಿಗೆ ಮೊದಲು ಕಣ್ಣೆದುರು ಅಂಕುಡೊಂಕಾದ ಮಿನುಗುಗೆರೆಗಳು ಕಾಣಿಸಿಕೊಂಡು ಹರಡುತ್ತವೆ. 1870ರಲ್ಲಿ ಹ್ಯೂಬರ್ಟ್ ಏರಿ ಎಂಬ ಇಂಗ್ಲಿಷ್ ವೈದ್ಯ ತನಗೆ ಕಂಡದ್ದನ್ನೇ ಚಿತ್ರ ಬರೆದು ಪ್ರಕಟಿಸಿದ್ದಾನೆ, ಕೋಟೆಯ ತೆನೆಗಳಂತಿದೆ. ನೋಡುವವನಿಗೆ ಇದು ಕಣ್ಣಿನ ದೋಷವೆಂದೇ ತೋರುತ್ತದೆ. ಆದರೆ ಎರಡು ಕಣ್ಣು ಮುಚ್ಚಿದರೂ ಮಿನುಗು ಹೋಗುವುದಿಲ್ಲ. ಅದು ಹುಟ್ಟುವುದು ಮಿದುಳಿನ ಹಿಂಭಾಗದ ದೃಷ್ಟಿಕೇಂದ್ರದಲ್ಲಿ. 1944ರಲ್ಲಿ ಬ್ರೆಜಿಲಿನ ಲಿಯಾವೊ ಎಂಬ ಸಂಶೋಧಕನು ಪ್ರಾಣಿಗಳ ಮಿದುಳಿನ ಮೇಲ್ಪದರದಲ್ಲಿ ನಿಧಾನವಾಗಿ ಹರಿದುಹೋಗುವ ಒಂದು ಅಲೆಯನ್ನು ಗುರುತಿಸಿದನು. ಈ ಮಿನುಗಿನ ಮೂಲ ಅಂಥ ಅಲೆಯೇ ಎಂದು ಈಗ ತಿಳಿಯಲಾಗಿದೆ.

ಹಾಗೆಂದು ತಲೆನೋವಿನವರು ಕಣ್ಣು ತೋರಿಸಬಾರದೆಂದು ಅರ್ಥವಲ್ಲ. ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದ ಪುಟ್ಟ ಉಪಕರಣದಿಂದ ವೈದ್ಯರು ಪಾಪೆಯ ಮೂಲಕ ಕಣ್ಣಿನ ಹಿಂಗೋಡೆಯನ್ನು ನೋಡಬಲ್ಲರು. ತಲೆಬುರುಡೆಯೊಳಗೆ ಒತ್ತಡ ಹೆಚ್ಚಿದ್ದರೆ ಅಲ್ಲಿ ನರದ ತುದಿ ಊದಿಕೊಂಡಿರುತ್ತದೆ. ಕಣ್ಣು ಕೆಂಪಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡು, ತಲೆ ಸಿಡಿದರೆ ಅದು ಗ್ಲಾಕೋಮಾ ಇರಬಹುದು. ಆಗ ಒಂದು ದಿನವೂ ಕಾಯಬಾರದು. ಹಠಾತ್ತನೆ ಬಂದ ಭಯಂಕರ ತಲೆನೋವು, ಜ್ವರದೊಡನೆ ಕುತ್ತಿಗೆ ಬಿಗಿತ, ಕೈಕಾಲಿನ ಸ್ವಾಧೀನ ತಪ್ಪುವುದು, ಐವತ್ತು ದಾಟಿದ ಮೇಲೆ ಮೊದಲಬಾರಿ ಬಂದ ತಲೆನೋವು, ಇವೂ ಹಾಗೆಯೇ.

ತಿಂಗಳ ಮುಟ್ಟಿಗೂ ತಲೆನೋವಿಗೂ ಸಂಬಂಧವಿದೆಯೆಂದು ಹೆಂಗಸರಿಗೆ ಎಂದಿನಿಂದಲೋ ಗೊತ್ತು. ಅದನ್ನು ಪರೀಕ್ಷೆಗೆ ಒಡ್ಡಿದವನು ಆಸ್ಟ್ರೇಲಿಯಾದ ಬ್ರಯನ್ ಸಾಮರ್ವಿಲ್. 1971–72ರಲ್ಲಿ ಪ್ರಕಟವಾದ ಅವನ ಪ್ರಯೋಗಗಳು ಬಹಳ ಸಣ್ಣವು, ಆದರೆ ಜಾಣತನದವು. ಮುಟ್ಟಿಗೆ ಮುಂಚೆ ದೇಹದಲ್ಲಿ ಎರಡು ಹಾರ್ಮೋನುಗಳ ಮಟ್ಟ ಇಳಿಯುತ್ತದೆ: ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟೆರಾನ್. ನೋವಿಗೆ ಯಾವುದರ ಇಳಿತ ಕಾರಣ? ಪ್ರೊಜೆಸ್ಟೆರಾನ್ ಕೊಟ್ಟಾಗ ಮುಟ್ಟು ಮುಂದೆ ಹೋಯಿತು, ಹೆಚ್ಚಿನವರಲ್ಲಿ ತಲೆನೋವು ಮಾತ್ರ ತನ್ನ ವೇಳೆಗೇ ಬಂದಿತು. ಈಸ್ಟ್ರೋಜೆನ್ ಕೊಟ್ಟಾಗ ಮುಟ್ಟು ತನ್ನ ವೇಳೆಗೆ ಬಂದಿತು, ತಲೆನೋವು ಮುಂದೆ ಹೋಯಿತು. ಗುಟ್ಟು ಈಸ್ಟ್ರೋಜೆನ್ ಇಳಿತದಲ್ಲಿತ್ತು. 2004ರಲ್ಲಿ ಪ್ರಕಟವಾದ ಲಂಡನ್ನಿನ ಇನ್ನೊಂದು ಅಧ್ಯಯನದಲ್ಲಿ 155 ಮಹಿಳೆಯರು ದಿನದಿನವೂ ಬರೆದಿಟ್ಟ ಲೆಕ್ಕವನ್ನು ನೋಡಿದಾಗ, ಮುಟ್ಟಿನ ಮೊದಲ ಮೂರು ದಿನಗಳಲ್ಲಿ ಮೈಗ್ರೇನ್ ಬರುವ ಸಂಭವ ಉಳಿದ ದಿನಗಳಿಗಿಂತ ಎರಡೂವರೆ ಪಟ್ಟು ಹೆಚ್ಚಿತ್ತು.

ನಮ್ಮ ನಾಡಿನ ಲೆಕ್ಕವೂ ಇದೆ. ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಬೆಂಗಳೂರು ನಗರದಲ್ಲೂ ಸುತ್ತಲ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ 18ರಿಂದ 65 ವರ್ಷದ 2,329 ಮಂದಿಯನ್ನು ವಿಚಾರಿಸಿ 2015ರಲ್ಲಿ ವರದಿ ಪ್ರಕಟಿಸಿದರು. ವರ್ಷದಲ್ಲಿ ಒಮ್ಮೆಯಾದರೂ ಮೈಗ್ರೇನ್ ಬಂದವರು ಶೇಕಡಾ 25.2, ಅಂದರೆ ನಾಲ್ವರಲ್ಲಿ ಒಬ್ಬರು. ಗಂಡಸರಿಗಿಂತ ಹೆಂಗಸರಲ್ಲೂ, ಪೇಟೆಗಿಂತ ಹಳ್ಳಿಯಲ್ಲೂ ಅದು ಹೆಚ್ಚು. ನಲವತ್ತು ಮಕ್ಕಳ ನನ್ನ ತರಗತಿಗಳನ್ನು ನೆನೆಯುತ್ತೇನೆ. ಅವರು ವಯಸ್ಸಿಗೆ ಬಂದ ಮೇಲೆ ಎಷ್ಟು ಮಂದಿ ಕತ್ತಲೆ ಕೋಣೆಯಲ್ಲಿ ಮಲಗಿರಬಹುದು!

2019ರಲ್ಲಿ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಏರ್ಪಡಿಸಿದ್ದರು. ಹಾರ, ಶಾಲು, ಭಾಷಣಗಳೆಲ್ಲ ಮುಗಿದ ಮೇಲೆ ಆ ಹುಡುಗಿ ಬಂದು ನಮಸ್ಕರಿಸಿದಳು. ಹುಡುಗಿಯೆಂದೆ, ಆಗಲೇ ನಲವತ್ತೇಳರ ಗೃಹಿಣಿ. “ಸಾರ್, ‘ಪರೀಕ್ಷೆ ಹತ್ರ ಬಂದ್ರೆ ನಿನಗೆ ತಲೆನೋವೂ ಬರುತ್ತೆ’ ಅಂತ ಎಲ್ಲರ ಮುಂದೆ ಅಂದಿದ್ರಿ. ನೆನಪಿದೆಯಾ?” ಎಂದಳು, ನಗುತ್ತಲೇ. ನನಗೆ ನೆನಪಿರಲಿಲ್ಲ. ಮೂವತ್ತೊಂದು ವರ್ಷ ಆಕೆಗೆ ನೆನಪಿತ್ತು.

ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಮೈಸೂರಿನಲ್ಲಿ ಒಬ್ಬ ವೈದ್ಯೆ ಕನ್ನಡಕವನ್ನು ಬದಿಗಿಟ್ಟು, “ಮೂರು ತಿಂಗಳು ಬರೆದಿಟ್ಟುಕೊಂಡು ಬನ್ನಿ” ಎಂದರಂತೆ. ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಪಕ್ಕದಲ್ಲೇ ಆಕೆ ಮುಟ್ಟಿನ ದಿನಕ್ಕೊಂದು ಚುಕ್ಕೆ, ತಲೆನೋವಿನ ದಿನಕ್ಕೊಂದು ಅಡ್ಡಗೆರೆ ಹಾಕಿದಳು. ಮೂರು ಹಾಳೆ ಮಗುಚುವಷ್ಟರಲ್ಲಿ ಚುಕ್ಕೆಯೂ ಗೆರೆಯೂ ಜೊತೆಜೊತೆಗೆ ನಿಂತಿದ್ದವು. ಅಂತರರಾಷ್ಟ್ರೀಯ ವರ್ಗೀಕರಣದ ಸೂತ್ರವೂ ಇಷ್ಟೇ: ಮುಟ್ಟು ಆರಂಭವಾಗುವ ಎರಡು ದಿನ ಮೊದಲಿನಿಂದ ಮೂರನೆಯ ದಿನದವರೆಗೆ, ಮೂರು ತಿಂಗಳಲ್ಲಿ ಎರಡು ಸಲವಾದರೂ ಬಂದರೆ ಅದು ಮುಟ್ಟಿನ ಮೈಗ್ರೇನ್. ದಿನ ಗೊತ್ತಾದ ಮೇಲೆ ಚಿಕಿತ್ಸೆಗೂ ದಾರಿ ತೆರೆಯಿತು. ನೋವಿನ ಆರಂಭದಲ್ಲೇ ಸರಿಯಾದ ಮಾತ್ರೆ, ಕೆಲವರಿಗೆ ಆ ಐದಾರು ದಿನ ಮಾತ್ರ ಮುಂಜಾಗ್ರತೆಯ ಮಾತ್ರೆ. ಯಾವುದು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.

ಓದುಗರಲ್ಲಿ ಹೆಣ್ಣುಮಕ್ಕಳು ಎರಡು ಮಾತು ನೆನಪಿಡಬೇಕು. ಅಂಗಡಿಯ ನೋವಿನ ಮಾತ್ರೆಯನ್ನು ತಿಂಗಳಿಗೆ ಹತ್ತು ಹದಿನೈದು ದಿನ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವಿಗೆ ಕಾರಣವಾಗುತ್ತದೆ. ಕಣ್ಣೆದುರು ಮಿನುಗುವ ಬಗೆಯ ಮೈಗ್ರೇನ್ ಇರುವವರು ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಗುಳಿಗೆಯನ್ನು ಸೇವಿಸಬಾರದು; ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿಯೇ ಹೇಳುತ್ತದೆ. ಸಮಾಧಾನದ ಸಂಗತಿಯೂ ಉಂಟು: ಗರ್ಭಿಣಿಯರಾದಾಗ ಮತ್ತು ಮುಟ್ಟು ಪೂರ್ತಿ ನಿಂತ ಮೇಲೆ ಅನೇಕರಲ್ಲಿ ಈ ನೋವು ಇಳಿಯುತ್ತದೆ, ನಿಲ್ಲುವ ಮುಂಚಿನ ಕೆಲವು ವರ್ಷ ಮಾತ್ರ ಹೆಚ್ಚಾಗಬಹುದು.

ಹೊರಡುವಾಗ ಆಕೆ ಹೇಳಿದಳು: “ನನ್ನ ಮಗಳಿಗೂ ಶುರುವಾಗಿದೆ ಸಾರ್. ಅವಳ ಮೇಷ್ಟ್ರಿಗೆ ಯಾರು ಹೇಳ್ಬೇಕು? ನೀವು ಬರೀರಿ.” ಆಕೆಯ ಅನುಮತಿಯಿಂದಲೇ, ಹೆಸರು ಬಿಟ್ಟು, ಬರೆದಿದ್ದೇನೆ. ತಡವಾಯಿತು.

ನನ್ನ ಶಿಷ್ಯರಲ್ಲಿ ಈಗ ಮೇಷ್ಟರಾಗಿರುವವರು ಎಷ್ಟೋ ಮಂದಿ. ಹಲಗೆಯಿಂದ ತಪ್ಪು ಬರೆದುಕೊಳ್ಳುವ ಮಗುವನ್ನು ಮೊದಲು ಮುಂದಿನ ಸಾಲಿಗೆ ಕರೆದು ನೋಡಿ, ಆಮೇಲೆ ಪಟದ ಮುಂದೆ ನಿಲ್ಲಿಸಿ. ತಲೆನೋವೆನ್ನುವ ಹುಡುಗಿಗೆ ಕನ್ನಡಕದ ಜೊತೆಗೆ ಕ್ಯಾಲೆಂಡರನ್ನೂ ತೋರಿಸಿ. ನಿಮಗೆ ಸಂಕೋಚವಾದರೆ ಮೇಡಂ ಒಬ್ಬರಿಂದ ಹೇಳಿಸಿ. ಆನೆಗೆ ಬಾಯಿಲ್ಲ, ಅದರ ಬೇನೆಯನ್ನು ಸುಲ್ತಾನನೇ ಕಂಡುಕೊಳ್ಳಬೇಕಾಯಿತು. ನಮ್ಮ ಮಕ್ಕಳಿಗೆ ಬಾಯಿತ್ತು. ಅವರು ಹೇಳಿದ್ದನ್ನು ನಾನು ನಂಬಲಿಲ್ಲ.